ದೊರೆಸಾನಿಯ ಎಡಗಡೆ

ಮಾರ್ಚ್ 3, ಸೋಮವಾರ

ಬರೆಯೋಣ ಅಂತ ಕೂತರೆ ಪೆನ್ನು ಹಿಡಿಯೋಕೆ ಆಗುತ್ತಿಲ್ಲ. ದಿನಕ್ಕೆ ಇಪ್ಪತ್ತು, ಮೂವತ್ತು ತಲೆ ತೊಳೆದು ಬೆರಳ ಸಂದಿಯೆಲ್ಲ ಬಿರಿದಿದೆ. ಮಡಚಿದರೆ ರಕ್ತ. ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ. ಒಳಗೆ ಅಕ್ಕ ಮಲಗಿದ್ದಾಳೆ, ಬೆಳಗಿನ ಐದು ಗಂಟೆ ಬಸ್ಸು ಅವಳದು, ಪಿಟ್ ಅನ್ನೋ ಹಾಗಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಯಾರೂ ಅಲ್ಲಾಡದಿದ್ದರೆ ಇಲ್ಲಿಯ ದೀಪ ಎರಡು ನಿಮಿಷಕ್ಕೆ ಆರಿಹೋಗುತ್ತೆ, ಆಗಾಗ ಕೈ ಬೀಸಬೇಕು. ಯಾರಾದರೂ ನೋಡಿದರೆ ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು.

ವಿಷಯ ಏನಪ್ಪಾ ಅಂದರೆ, ಮನೆಗೆ ನಾಯಿ ಬಂದಿದೆ. ನಮ್ಮ ಸಲೂನಿನ ಮೇಡಂದು. ಮಗಳ ಹೆರಿಗೆಗೆ ಅಂತ ಮೇಡಂ ಮೂರು ವಾರ ಹೋಗಿದ್ದಾರೆ. ಬೆಕ್ಕಿನಷ್ಟು ಗಾತ್ರದ ಪ್ರಾಣಿ. ಬೆನ್ನ ಮೇಲೆ ಬೈತಲೆ, ಅಲ್ಲಿಂದ ಎರಡೂ ಕಡೆ ನೆಲ ಮುಟ್ಟೋ ಬೆಳ್ಳಿ ಕೂದಲು, ನೆತ್ತಿಯಲ್ಲೊಂದು ಕ್ಲಿಪ್ಪು. ನಡೆದರೆ ಕಾಲು ಕಾಣಲ್ಲ, ಪರದೆ ಜಾರಿಕೊಂಡು ಹೋದ ಹಾಗಿರುತ್ತೆ. ದಿನವಿಡೀ ಅಂಗಡಿಯ ಗಾಜಿನ ಹಿಂದೆ ಮೆತ್ತೆಯ ಮೇಲೆ ಕೂತಿರುತ್ತೆ. ಅದರ ಕೂದಲು ನೋಡಿಯೇ ಗಿರಾಕಿ ಒಳಗೆ ಬರೋದು ಅಂತ ಮೇಡಂ ನಂಬಿಕೆ. ಅವರು ಇಟ್ಟಿರೋ ಹೆಸರು ನನ್ನ ನಾಲಿಗೆಗೆ ಹೊರಳಲ್ಲ. ಅಕ್ಕ ನೋಡಿದ ಕೂಡಲೇ, "ಓಹೋ, ದೊರೆಸಾನಿ ಬಂದ್ರು, ದಾರಿ ಬಿಡ್ರಪ್ಪ" ಅಂದಳು. ಅದೇ ಹೆಸರಾಯಿತು.

ಹೊರಡುವಾಗ ಮೇಡಂ ಹೇಳಿದ್ದು: "ನಾನು ಬರೋ ಹೊತ್ತಿಗೆ ಇವಳ ಕೂದಲು ಹೀಗೇ ನೆಲ ಮುಟ್ತಾ ಇರ್ಬೇಕು. ನಾಲ್ಕು ದಿನಕ್ಕೊಂದ್ಸಲ ಸ್ನಾನ, ಆಮೇಲೆ ಮೆಷಿನ್ನಲ್ಲಿ ಪೂರ್ತಿ ಒಣಗಿಸ್ಬೇಕು. ದಿನಾ ಒಂದು ಫೋಟೋ ಕಳ್ಸು. ಇದೇ ನಿನ್ನ ಪರೀಕ್ಷೆ ಅಂದ್ಕೋ."

ಪರೀಕ್ಷೆ ಯಾತಕ್ಕೆ ಅಂತ ಇಬ್ಬರಿಗೂ ಗೊತ್ತು. ಸಲೂನಿನಲ್ಲಿ ಒಂದು ಕುರ್ಚಿ ಖಾಲಿ ಇದೆ. ತಲೆ ತೊಳೆಯೋರು ನಾವಿಬ್ಬರು, ನಾನು ಮತ್ತು ಸೀನಪ್ಪ. ಸೀನಪ್ಪ ಅನ್ನೋದು ನಾನಿಟ್ಟಿದ್ದು. ನಾಯಿ ಹತ್ತಿರ ಸುಳಿದರೆ ಸಾಕು, ಹನ್ನೆರಡು ಸೀನು ಸೀನುತ್ತಾನೆ. ಕುರ್ಚಿ ಸಿಕ್ಕಿದವನಿಗೆ ಕತ್ತರಿ. ಕತ್ತರಿ ಹಿಡಿದವನಿಗೆ ಈ ದೇಶದಲ್ಲಿ ಇರೋದಕ್ಕೆ ಸರ್ಕಾರದ ಕಾಗದ. ಬರೀ ತಲೆ ತೊಳೆಯೋರಿಗೆ ಹೊಸ ಕಾಗದ ಕೊಡೋದನ್ನ ನಿಲ್ಲಿಸಿಬಿಟ್ಟಿದ್ದಾರೆ. ಸೀನಪ್ಪನ ಕಾಗದಕ್ಕೆ ಇನ್ನೂ ಎರಡು ವರ್ಷ ಆಯುಸ್ಸಿದೆ. ನನ್ನದು ಏಪ್ರಿಲ್ ಹದಿನೆಂಟಕ್ಕೆ ಮುಗಿಯುತ್ತೆ.

"ಅಂತೂ ನಾಯಿ ಬಾಲ ಹಿಡಿದು ಹೊಳೆ ದಾಟೋಕೆ ಹೊರಟೆ ಅನ್ನು" ಅಂದಳು ಅಕ್ಕ.

ದೀಪ ಆರಿತು. ಬೀಸಿದೆ. ಬಂತು.

ಮಾರ್ಚ್ 6, ಗುರುವಾರ

ಮೊದಲ ಸ್ನಾನ. ನೀರು ಬಿದ್ದ ಮೇಲೆ ದೊರೆಸಾನಿ ಅಂದರೆ ಒಂದು ಇಲಿ, ಅಷ್ಟೇ. ಎರಡು ಕಣ್ಣು, ನಾಲ್ಕು ಕಡ್ಡಿ ಕಾಲು. ನಗು ಬಂತು.

ಒಣಗಿಸೋಕೆ ಗಾಳಿ ಊದೋ ಮೆಷಿನ್ನು ಬೇಕಲ್ಲ? ಅಕ್ಕನ ಹತ್ತಿರ ಒಂದಿತ್ತು. ಇಲ್ಲಿಗೆ ಬಂದ ಹೊಸದರಲ್ಲಿ ಆಸೆಪಟ್ಟು ತಗೊಂಡಿದ್ದಂತೆ, ಬೀರುವಿನ ಮೇಲೆ ಡಬ್ಬಿಯಲ್ಲೇ ಇದೆ, ಒಳಗಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿಲ್ಲ. ಅಕ್ಕ ಮೀನು ಪ್ಯಾಕ್ ಮಾಡೋ ಕಾರ್ಖಾನೆಯಲ್ಲಿದ್ದಾಳೆ. ವಾಸನೆ ಹೋಗಲಿ ಅಂತ ದಿನಾ ತಲೆಗೆ ನೀರು ಹಾಕಿಕೊಳ್ಳುತ್ತಾಳೆ, ಒದ್ದೆಯಲ್ಲೇ ಗಂಟು ಹಾಕಿ ಬಿದ್ದುಕೊಳ್ಳುತ್ತಾಳೆ, ಬೆಳಿಗ್ಗೆ ಅದರ ಮೇಲೇ ಟೋಪಿ.

"ನನ್ನ ತಲೆಗೆ ಒಂದಿನ ಆಗ್ಲಿಲ್ಲ ನೋಡು ಇದು. ನಾಯಿ ತಲೆಗೆ ಆಯ್ತು" ಅಂದಳು. ಕೊಟ್ಟಳು.

ಇಸ್ತ್ರಿ ಮೇಜಿನ ಮೇಲೆ ಟವೆಲ್ಲು ಹಾಸಿ ನಿಲ್ಲಿಸಿದೆ. ಶಬ್ದಕ್ಕೆ ಅದರ ಮೈಯೆಲ್ಲ ನಡುಗಿತು. ಒಂದು ಕೈಯಲ್ಲಿ ಅದರ ಎದೆ ಹಿಡಿದುಕೊಂಡು, ಇನ್ನೊಂದರಲ್ಲಿ ಬ್ರಷ್ಷು, ಮೆಷಿನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಶುರುಮಾಡಿದೆ. ಎರಡು ವರ್ಷದಿಂದ ಮೇಡಂ ಕೈ ನೋಡುತ್ತಿದ್ದೇನೆ. ಗುಂಡು ಬ್ರಷ್ಷಿಗೆ ಕೂದಲು ಸುತ್ತಬೇಕು, ಗಾಳಿ ಮೇಲಿನಿಂದ ಕೆಳಕ್ಕೆ ಹೊಡೆಯಬೇಕು, ತುದಿಯಲ್ಲಿ ಒಂದು ತಿರುವು, ಕೊನೆಗೆ ಅಂಗೈಯಲ್ಲಿ ಒಂದು ಹನಿ ಎಣ್ಣೆ ಸವರಿ ಹಾಗೇ ಮೇಲೆ ಆಡಿಸಬೇಕು. ಕಾಲು ಗಂಟೆಗೆ ಮುಗೀತು. ಹೊಳೀತಿತ್ತು. ಅಕ್ಕನೇ ಮೂಗಿನ ಮೇಲೆ ಬೆರಳಿಟ್ಟಳು.

ಫೋಟೋ ತೆಗೆದೆ, ನಾಲ್ಕು ಕಡೆಯಿಂದ, ಇಪ್ಪತ್ತೋ ಇಪ್ಪತ್ತೈದೋ. ಒಂದು ಕಳಿಸಿದೆ. ಮೇಡಂ ಮೂರು ಕೆಂಪು ಹೃದಯ ಕಳಿಸಿದರು. ಮೂರು! ಸೀನಪ್ಪನ ಎದುರು ಬೇಕೆಂದೇ ಫೋನು ಬಿಚ್ಚಿಟ್ಟೆ. "ಚೆನ್ನಾಗಿದೆ ಗುರೂ" ಅಂದ, ನಿಜವಾಗಿಯೇ ಅಂದ ಹಾಗಿತ್ತು. ಅದಕ್ಕೆ ಸ್ವಲ್ಪ ಬೇಜಾರಾಯಿತು.

ಮಾರ್ಚ್ 10, ಸೋಮವಾರ

ಎರಡನೇ ಸ್ನಾನ. ಎಡಗಿವಿಯ ಹಿಂದೆ, ಎಡ ತೊಡೆಯ ಸಂದಿಯಲ್ಲಿ ಗಂಟು ಕಟ್ಟಿದೆ. ಬಿಡಿಸೋಕೆ ಹೋದರೆ ಹಲ್ಲು ತೋರಿಸಿದಳು. ಒಣಗಿದ ಮೇಲೆ ಸಡಿಲ ಆಗುತ್ತೆ ಅಂತ ಹಾಗೇ ಬಿಸಿ ಗಾಳಿ ಬಿಟ್ಟೆ. ಇನ್ನೂ ಬಿಗಿಯಾಯಿತು, ಸೆಣಬಿನ ಉಂಡೆ ತರಹ. ಮೇಲಿನ ಕೂದಲು ಅದರ ಮೇಲೆ ಬಾಚಿದೆ. ಕಾಣಲ್ಲ.

ಸಂಜೆ ಅಕ್ಕ ಮೂಗು ಅರಳಿಸಿ, "ಲೋ, ಏನೋ ಇದು, ಒದ್ದೆ ಗೋಣಿಚೀಲದ ವಾಸನೆ?"

"ನಿನ್ನ ಮೀನಿನದು."

"ನನ್ನ ಮೀನಿನ ವಾಸನೆ ನಂಗೊತ್ತಿಲ್ವಾ? ಹನ್ನೊಂದು ವರ್ಷದ ಸಂಸಾರ ಕಣೋ ಅದು. ಇದು ನಿನ್ನ ದೊರೆಸಾನೀದು."

ಮೂಸಿದೆ. ಹೌದು. ಅವಳದೇ.

ಮಾರ್ಚ್ 11, ಮಂಗಳವಾರ

ವಾಸನೆ ಹೋಗಲಿ ಅಂತ ಮತ್ತೆ ಸ್ನಾನ ಮಾಡಿಸಿದೆ. ಎರಡು ಸಲ ಶಾಂಪೂ. ಮತ್ತೆ ಒಣಗಿಸಿದೆ. ಹೊಳಪು ಏನೂ ಕಮ್ಮಿ ಇಲ್ಲ. ವಾಸನೆಯೂ ಕಮ್ಮಿ ಇಲ್ಲ.

ಮಾರ್ಚ್ 12, ಬುಧವಾರ

ಇಡೀ ಹೊತ್ತು ಎಡ ತೊಡೆ ಕಚ್ಚಿಕೊಳ್ಳುತ್ತಿದ್ದಾಳೆ. ಚಪ್ ಚಪ್ ಚಪ್. ಅಕ್ಕ ದಿಂಬು ಕಿವಿಗೆ ಒತ್ತಿಕೊಂಡಿದ್ದಾಳೆ. ಕೂದಲು ಎತ್ತಿ ನೋಡಬೇಕು. ನಾಳೆ ನೋಡುತ್ತೇನೆ.

ಮಾರ್ಚ್ 13, ಗುರುವಾರ

ನೋಡಿದೆ. ಗಂಟಿನ ಅಡಿಯಲ್ಲಿ ಚರ್ಮ ಕೆಂಪಗೆ, ಒದ್ದೆಯಾಗಿ, ನನ್ನ ಹೆಬ್ಬೆರಳ ಗಾತ್ರ. ಮುಟ್ಟಿದರೆ ಬಿಸಿ. ಕೂದಲು ಅಂಟಿಕೊಂಡು ಕೀವು ಕಟ್ಟಿದೆ.

ನನಗೆ ತಲೆನೋವು ಅಂತ ಸೀನಪ್ಪನಿಗೆ ಹೇಳಿ ಮಧ್ಯಾಹ್ನವೇ ಬಿಟ್ಟು ನಾಯಿ ಡಾಕ್ಟರಮ್ಮನ ಹತ್ತಿರ ಹೋದೆ. ದಪ್ಪ ಕನ್ನಡಕದ ಹೆಂಗಸು, ಸರಸರ ಮಾತು. ಕೂದಲೊಳಗೆ ಬೆರಳು ತೂರಿಸಿ, ನನ್ನ ಬೆರಳನ್ನೂ ಹಿಡಿದು ಅಲ್ಲೇ ಒತ್ತಿಸಿದರು.

"ಏನು ಗೊತ್ತಾಗುತ್ತೆ?"

"ಒದ್ದೆ."

"ಯಾವತ್ತು ಸ್ನಾನ ಮಾಡ್ಸಿದ್ದು?"

"ಮೊನ್ನೆ. ಮೆಷಿನ್ನಲ್ಲಿ ಒಣಗಿಸಿದೀನಿ ಡಾಕ್ಟ್ರೇ."

"ಮೇಲೆ ಒಣಗಿಸಿದೀಯ. ಒಳಗೆ ಹಾಗೇ ಬಿಟ್ಟಿದೀಯ. ಒದ್ದೆ ಮೇಲೆ ಕಂಬಳಿ ಹೊದಿಸಿದ ಹಾಗೆ. ಕೊಳೀದೆ ಇನ್ನೇನಾಗುತ್ತೆ?"

ಆಮೇಲೆ ಅವರೇ ಟವೆಲ್ಲು ತಗೊಂಡು ತೋರಿಸಿದರು. ಉಜ್ಜಬಾರದು, ಒತ್ತಬೇಕು. ಗಂಟು ಇದ್ದರೆ ನೀರಿಗೆ ಮುಂಚೆ ಬಿಡಿಸಬೇಕು. ಬಾಚಣಿಗೆಯ ತುದಿಯಲ್ಲಿ ಒಂದು ಗೆರೆ ಬಿಡಿಸಿ, ಬುಡ ಕಾಣಬೇಕು, ಅಲ್ಲಿಗೆ ಗಾಳಿ. ಅದು ಒಣಗಿದ ಮೇಲೆ ಪಕ್ಕದ ಗೆರೆ. ಹೊಟ್ಟೆಯಿಂದ ಶುರುಮಾಡಿ ಬೆನ್ನಿಗೆ ಬರಬೇಕು. ಗಾಳಿ ಬಿಸಿ ಇರಬಾರದು. ಹಿಂಗೈ ಅಡ್ಡ ಇಟ್ಟು ನೋಡುತ್ತಿರಬೇಕು, ಕೈ ತಡೆಯದ ಬಿಸಿ ನಾಯಿಯೂ ತಡೆಯಲ್ಲ. ತುದಿ ತನ್ನಷ್ಟಕ್ಕೆ ಒಣಗುತ್ತೆ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಮೇಡಂ ಗಿರಾಕಿಯ ತಲೆ ಒಣಗಿಸೋದನ್ನ ನಾನು ಎಂದೂ ಪೂರ್ತಿ ನೋಡಿಲ್ಲ. ಮೊದಲ ಹತ್ತು ನಿಮಿಷ ಬುಡ ಒಣಗಿಸುತ್ತಾರೇನೋ, ಆಗ ನಾನು ಮುಂದಿನ ತಲೆ ತೊಳೆಯುತ್ತಿರುತ್ತೇನೆ, ಗೋಡೆ ಕಡೆ ಮುಖ. ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಕಡೇ ಐದು ನಿಮಿಷ. ಬ್ರಷ್ಷು, ತಿರುವು, ಎಣ್ಣೆ. ಎರಡು ವರ್ಷ ಅದನ್ನೇ ಕಲಿತೆ.

ಹೊರಡೋ ಮುಂಚೆ ಡಾಕ್ಟರಮ್ಮ ಮುಲಾಮು ಕೊಟ್ಟು ಹೇಳಿದ್ದರು: "ಆದ್ರೆ ಇದರಿಂದ ಆಗಲ್ಲ, ಬೋಳಿಸ್ಬೇಕು. ಗಾಳಿ ಆಡ್ಲಿ. ಈಗ್ಲೇ ಮಾಡ್ಲಾ?"

"ಕೂದಲು ಮತ್ತೆ ಬರೋಕೆ?"

"ಚರ್ಮ ಎರಡು ತಿಂಗಳು ಒಣಗಿದ್ರೆ ಚಿಗುರುತ್ತೆ. ನೆಲ ಮುಟ್ಟೋಕೆ ವರ್ಷ ಬೇಕು."

ಮನೇಲಿ ಮಾಡುತ್ತೇನೆ ಅಂತ ಹೇಳಿ ಎತ್ತಿಕೊಂಡು ಬಂದೆ.

ಇವತ್ತಿನ ಫೋಟೋ ಬಲಗಡೆಯಿಂದ ತೆಗೆದೆ. ಎರಡು ಹೃದಯ.

ಮಾರ್ಚ್ 14, ಶುಕ್ರವಾರ

ಬಲಗಡೆ. ಮುಲಾಮಿಗೆ ಕೂದಲು ಅಂಟುತ್ತಿದೆ. ಸ್ನಾನ ಇಲ್ಲ.

ಮಾರ್ಚ್ 15, ಶನಿವಾರ

ಬಲಗಡೆ, ಕಿಟಕಿಯ ಬೆಳಕಿನಲ್ಲಿ. ಮೇಡಂಗೆ ಮೊಮ್ಮಗಳು ಹುಟ್ಟಿದ್ದಾಳೆ. "ಇಬ್ಬರು ಸುಂದರಿಯರು ನನಗೆ" ಅಂತ ಬರೆದಿದ್ದಾರೆ.

ಅಕ್ಕ ಕೇಳಿದಳು, "ಯಾವಾಗ ಬೋಳಿಸ್ತೀಯ?"

"ಇಪ್ಪತ್ತೆರಡಕ್ಕೆ ಮೇಡಂ ಬರ್ತಾರೆ. ಕುರ್ಚಿ ಕೊಟ್ಟ ಮೇಲೆ ಅವರೇ ನೋಡ್ಕೋತಾರೆ."

"ಅಷ್ಟು ದಿನ ಅದು?"

"ಏಳು ದಿನ ಅಷ್ಟೇ ಅಲ್ವಾ ಅಕ್ಕ."

ಅಕ್ಕ ಒದ್ದೆ ಕೂದಲನ್ನು ಹಿಂಡಿ ಗಂಟು ಹಾಕಿಕೊಂಡು ಗೋಡೆ ಕಡೆ ತಿರುಗಿದಳು. ಅವಳು ಬೈದಿದ್ದರೆ ಜಗಳ ಆಡಬಹುದಿತ್ತು.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಎದ್ದಾಗ ದೊರೆಸಾನಿ ನನ್ನ ಚಪ್ಪಲಿಯ ಪಕ್ಕ ಕೂತಿದ್ದಳು. ಕಚ್ಚಿಕೊಳ್ಳುತ್ತಿರಲಿಲ್ಲ. ಸುಮ್ಮನೆ ಕೂತಿದ್ದಳು. ಹಾಗೆ ಸುಮ್ಮನೆ ಕೂತಿದ್ದು ನೋಡಿ ಭಯವಾಯಿತು. ಎತ್ತಿ ನೋಡಿದರೆ ಹೆಬ್ಬೆರಳಿನಷ್ಟಿದ್ದದ್ದು ಅಂಗೈಯಷ್ಟಾಗಿದೆ. ಬೆನ್ನಿಗೂ ಹತ್ತಿದೆ. ಮೇಲೆ ಮಾತ್ರ ಬೆಳ್ಳಿ ಹಾಗೇ ಇದೆ.

ರಜೆ ದಿನ, ಅಂಗಡಿಯ ಬೀಗದ ಕೈ ಸೀನಪ್ಪನ ಹತ್ತಿರ. ಹೋಗಿ ಕೂದಲು ಬೋಳಿಸೋ ಮೆಷಿನ್ನು ಕೇಳಿದೆ. ಯಾಕೆ ಅಂತ ಕೇಳಿದ, ಹೇಳಿದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿದ. ನಕ್ಕಿದ್ದರೆ ಹೊಡೆಯುತ್ತಿದ್ದೆ. ನಗಲಿಲ್ಲ.

"ಮೇಡಂಗೆ ಹೇಳಿದ್ಯಾ?"

"ಹೇಳ್ತೀನಿ."

"ಈಗ್ಲೇ ಹೇಳು ಗುರೂ. ಇಲ್ಲೇ ನಿಂತ್ಕೊಂಡು ಫೋನ್ ಮಾಡು. ಬೈತಾರೆ, ಬೈಸ್ಕೋ. ಬೈಗುಳ ಏನು ಮೈಗೆ ಅಂಟುತ್ತಾ?"

"ಸಂಜೆ ಮಾಡ್ತೀನಿ."

ನನ್ನ ಶರ್ಟಿನ ಮೇಲೆ ನಾಯಿ ಕೂದಲಿತ್ತು. ಸೀನುತ್ತಾ ಸೀನುತ್ತಾ ಮೆಷಿನ್ನಿಗೆ ಎಣ್ಣೆ ಬಿಟ್ಟು ಕೊಟ್ಟ.

ಅಕ್ಕ ಮೂರು ಗಂಟೆಗೆ ಕೆಲಸದಿಂದ ಬಂದು ದೊರೆಸಾನಿಯ ತಲೆ ಹಿಡಿದುಕೊಂಡಳು. ನಾನು ಕುತ್ತಿಗೆಯಿಂದ ಶುರುಮಾಡಿದೆ. ಪದರ ಪದರವಾಗಿ ಜಾರಿತು. ಇಸ್ತ್ರಿ ಮೇಜಿನ ಸುತ್ತ ನೆಲವೆಲ್ಲ ಬೆಳ್ಳಿ. ಹುಣ್ಣಿನ ಅಂಚಿಗೆ ಬಂದಾಗ ಕೈ ತಾನಾಗಿಯೇ ಹಗುರಾಯಿತು. ಒಂದೂ ಗೀರು ಬೀಳಲಿಲ್ಲ. ಕೂದಲಲ್ಲಿ ಮೆಟ್ಟಿಲು ಮೆಟ್ಟಿಲು ಬೀಳಲಿಲ್ಲ, ಎಲ್ಲ ಕಡೆ ಒಂದೇ ಸಮ. ಮುಗಿದ ಮೇಲೆ ದೂರ ನಿಂತು ನೋಡಿದೆ. ಎಷ್ಟು ಸಣ್ಣ ಪ್ರಾಣಿ ಅದು.

ನನ್ನ ಜೀವಮಾನದಲ್ಲಿ ನಾನು ಒಬ್ಬನೇ ಪೂರ್ತಿ ಮಾಡಿದ ಮೊದಲ ಕಟಿಂಗು.

"ಚೆನ್ನಾಗಿ ಬಂದಿದೆ ಕಣೋ" ಅಂದಳು ಅಕ್ಕ. "ನೋಡೋರಿಲ್ಲ ಅಷ್ಟೇ."

ಸಂಜೆ ಫೋನು ಮಾಡಲಿಲ್ಲ. ಮೊದಲ ಸ್ನಾನದ ದಿನ ತೆಗೆದ ಫೋಟೋಗಳಲ್ಲಿ ಬಲಗಡೆಯವು ಏಳೆಂಟು ಉಳಿದಿವೆ. ಅದರಲ್ಲೊಂದು ಕಳಿಸಿದೆ. ಒಂದು ಹೃದಯ.

ಮಾರ್ಚ್ 19, ಬುಧವಾರ

ಕೆಲಸದಿಂದ ಬಂದ ಕೂಡಲೇ ಔಷಧಿ ನೀರಲ್ಲಿ ತೊಳೆದು ಒಣಗಿಸುತ್ತೇನೆ. ಒತ್ತಿ ಒರೆಸಿ, ತಣ್ಣನೆ ಗಾಳಿ, ಹಿಂಗೈ ಅಡ್ಡ. ಬೋಳು ನಾಯಿಗೆ ನಾಲ್ಕು ನಿಮಿಷ ಸಾಕು. ಆದರೆ ಮೆಷಿನ್ನು ನಿಲ್ಲಿಸಿದರೆ ಎದ್ದು ನಿಂತು ಮೂತಿಯಿಂದ ಅದನ್ನೇ ತಳ್ಳುತ್ತಾಳೆ. ಮೊದಲ ದಿನ ನಡುಗುತ್ತಿದ್ದವಳು. ಹೋಗಲಿ ಅಂತ ಇನ್ನೊಂದು ಸ್ವಲ್ಪ ಹೊತ್ತು ಹಿಡಿದೆ. ಗಾಳಿಗೆ ಕಣ್ಣು ಮುಚ್ಚಿ, ಹೊಟ್ಟೆ ಮೇಲೆ ಮಾಡಿ ಮಲಗಿಬಿಟ್ಟಳು. ಹುಣ್ಣಿನ ಅಂಚು ಒಣಗಿ ಕಂದು ಬಣ್ಣಕ್ಕೆ ಬಂದಿದೆ. ವಾಸನೆ ಇಲ್ಲ.

ಫೋಟೋ ಕಳಿಸಿದೆ. ಹಳೆಯದು. ಇನ್ನು ಮೂರು ದಿನ. ಹೇಗೆ ಹೇಳಬೇಕು ಅಂತ ಮೆಟ್ಟಿಲ ಮೇಲೆ ಕೂತು ಹೇಳಿ ನೋಡುತ್ತಿದ್ದೇನೆ. ಮೇಡಂ, ಒಂದು ವಿಷಯ. ಮೇಡಂ, ನನ್ನಿಂದ ಒಂದು. ಮೇಡಂ.

ದೀಪ ಆರಿತು.

ಮಾರ್ಚ್ 22, ಶನಿವಾರ

ಮೇಡಂ ಬಂದರು. ಅಂಗಡಿ ತೆರೆಯೋ ಮುಂಚೆ. ನಾನು ದೊರೆಸಾನಿಯನ್ನ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಟವೆಲ್ಲು ತಾವೇ ಬಿಚ್ಚಿದರು.

ಕಿರುಚಲಿಲ್ಲ. ಕೂತುಕೊಂಡು, ತೊಡೆ ಮೇಲಿಟ್ಟುಕೊಂಡು, ಗಾಯದ ಸುತ್ತ ಬೆರಳಾಡಿಸಿದರು. ತುಂಬಾ ಹೊತ್ತು. ದೊರೆಸಾನಿ ಅವರ ಕೈ ನೆಕ್ಕಿದಳು, ಆಮೇಲೆ ತಿರುಗಿ ನನ್ನ ಕಡೆ ನೋಡಿದಳು.

"ಯಾರು ಬೋಳಿಸಿದ್ದು?"

"ನಾನೇ ಮೇಡಂ."

"ಕೈ ಚೆನ್ನಾಗಿದೆ." ನನ್ನ ಕಣ್ಣು ಖಾಲಿ ಕುರ್ಚಿ ಕಡೆ ಹೋಯಿತು. ಅಷ್ಟರಲ್ಲಿ ಫೋನು ತೆಗೆದು ಮೇಜಿನ ಮೇಲಿಟ್ಟು ಒಂದೊಂದೇ ಫೋಟೋ ಸರಿಸಿದರು. "ಬಲಗಡೆ. ಬಲಗಡೆ. ಬಲಗಡೆ. ಒಂಬತ್ತು ದಿನ ಬರೀ ಬಲಗಡೆ. ಇದು ಯಾವತ್ತಿನದು?"

"ಹಳೇದು ಮೇಡಂ."

"ಕೂದಲು ಬೆಳೆಯುತ್ತೆ ಬಿಡು. ಅದಕ್ಕಲ್ಲ. ನಾಳೆ ನೀನು ಆ ಕುರ್ಚಿ ಹತ್ರ ನಿಂತಿರ್ತೀಯ. ಕತ್ತರಿ ತಾಗಿ ಗಿರಾಕಿ ಕಿವಿ ಹರೀತು ಅಂತಿಟ್ಕೋ. ನನ್ನ ಕರೀತೀಯಾ? ಇಲ್ಲ ಅದರ ಮೇಲೆ ಕೂದಲು ಬಾಚ್ತೀಯಾ?"

ಕರೀತೀನಿ ಮೇಡಂ ಅನ್ನಬೇಕಿತ್ತು. ಬಿರಿದ ಬೆರಳನ್ನ ನೋಡುತ್ತಾ ನಿಂತೆ.

ಹನ್ನೊಂದು ಗಂಟೆಗೆ ಸೀನಪ್ಪನನ್ನ ಕುರ್ಚಿಗೆ ಕರೆದರು. ಅವನು ನನ್ನನ್ನ ದಾಟಿ ಹೋಗುವಾಗ ಭುಜ ಮುಟ್ಟಿದ. ನನ್ನ ಶರ್ಟಿಗೆ ಸೀನಿದ ಕೂಡ. ಇಬ್ಬರಿಗೂ ಒಂದು ಥರ ನಗು ಬಂತು. ಆಮೇಲೆ ನಾನು ಹದಿನಾಲ್ಕು ತಲೆ ತೊಳೆದೆ.

ಮಾರ್ಚ್ 23, ಭಾನುವಾರ

ಹೇಳೋಕೆ ಏನಿಲ್ಲ.

ಮಾರ್ಚ್ 27, ಗುರುವಾರ

ದೊರೆಸಾನಿ ಗಾಜಿನ ಹಿಂದೆ ಇಲ್ಲ. ಮೇಡಂ ಮನೆಯಲ್ಲೇ ಬಿಟ್ಟು ಬರುತ್ತಾರೆ. ಮೆತ್ತೆ ಹಾಗೇ ಇದೆ, ಸೀನಪ್ಪ ಸೀನೋದು ನಿಂತಿದೆ. ಅವನಿಗೆ ಇನ್ನು ಬೇರೆ ಹೆಸರು ಹುಡುಕಬೇಕು. ನೆಲ ಮುಟ್ಟೋಕೆ ವರ್ಷ ಬೇಕು ಅಂದಿದ್ದರು ಡಾಕ್ಟರಮ್ಮ. ಏಪ್ರಿಲ್ ಹದಿನೆಂಟಕ್ಕೆ ಒಂದು ಬೆರಳಷ್ಟೂ ಬಂದಿರಲ್ಲ.

ಇವತ್ತು ಒಬ್ಬ ಗಿರಾಕಿಯ ತಲೆ ತೊಳೆದ ಮೇಲೆ, ಟವೆಲ್ಲಿನಲ್ಲಿ ಉಜ್ಜದೆ ಒತ್ತಿದೆ. ಆಯಮ್ಮ ಕಣ್ಣು ಬಿಟ್ಟು, "ನೀನು ಹೊಸಬನಾ?" ಅಂದಳು.

ಮಾರ್ಚ್ 31, ಸೋಮವಾರ

ರಜೆ. ಪೆಟ್ಟಿಗೆ ಇಳಿಸಿ ಮತ್ತೆ ಮೇಲಿಟ್ಟೆ. ಇನ್ನು ಹದಿನೆಂಟು ದಿನ.

ಮೂರು ಗಂಟೆಗೆ ಅಕ್ಕ ಬಂದಳು. ತಲೆಗೆ ನೀರು ಹಾಕಿಕೊಂಡು ಬಚ್ಚಲಿಂದ ಹೊರಗೆ ಬರುತ್ತಲೇ ಗಂಟು ಹಾಕಿಕೊಳ್ಳೋಕೆ ಶುರುಮಾಡಿದಳು.

"ಕೂತ್ಕೋ" ಅಂದೆ.

"ಯಾಕೆ? ನಾಯಿ ಹೋಯ್ತು ಅಂತ ನಾನು ಸಿಕ್ಕಿದ್ನಾ?"

"ಕೂತ್ಕೋ ಅಂದೆ ಅಲ್ವಾ."

ಇಸ್ತ್ರಿ ಮೇಜಿನ ಮುಂದೆ ಸ್ಟೂಲು ಹಾಕಿದೆ. ಟವೆಲ್ಲಿನಲ್ಲಿ ಒತ್ತಿದೆ. ಬಾಚಣಿಗೆಯ ತುದಿಯಲ್ಲಿ ಕಿವಿಯಿಂದ ಕಿವಿಗೆ ಗೆರೆ ತೆಗೆದು, ಕೆಳಗಿನಿಂದ ಶುರುಮಾಡಿದೆ. ತಣ್ಣನೆ ಗಾಳಿ, ಹಿಂಗೈ ಅಡ್ಡ. ಸ್ವಲ್ಪ ಹೊತ್ತಿಗೆ, "ಸಾಕು ಬಿಡೋ, ಒಣಗಿದೆ" ಅಂದಳು.

"ಮೇಲೆ ಒಣಗಿದೆ."

ಎರಡನೇ ಗೆರೆ. ಮೂರನೇ ಗೆರೆ. ನಾಲ್ಕನೆಯದು ತೆಗೆದಾಗ ಗೆರೆ ಎಲ್ಲಿ ಹೋಯಿತು ಅಂತ ಗೊತ್ತಾಗಲಿಲ್ಲ. ಹಿಂದಲೆಯಲ್ಲಿ, ಗಂಟು ಕೂರೋ ಜಾಗದಲ್ಲೇ, ಎರಡು ಬೆರಳಗಲ ಕೂದಲಿಲ್ಲ. ಚರ್ಮ ಕೆಂಪಗೆ, ನುಣ್ಣಗೆ. ಮೆಷಿನ್ನು ನಿಲ್ಲಿಸಿದೆ.

"ಅಕ್ಕ. ಇಲ್ಲಿ ಕೂದಲೇ ಇಲ್ಲ."

ಅವಳು ಕತ್ತು ತಿರುಗಿಸಲಿಲ್ಲ. "ಗೊತ್ತು."

"ಯಾವಾಗಿಂದ?"

"ನೀನು ಬರೋಕೆ ಮುಂಚೆಯಿಂದ. ಮೇಲಿನದು ಮುಚ್ಚುತ್ತಲ್ಲ, ಯಾರಿಗೆ ಕಾಣುತ್ತೆ? ಬಾಚಿಬಿಡು, ಅಡುಗೆ ಆಗ್ಬೇಕು."

ಬಾಚಲಿಲ್ಲ. ಮೆಷಿನ್ನು ಮತ್ತೆ ಹಚ್ಚಿದೆ. ಅಲ್ಲಿ ಬಿರಿದ ಬೆರಳು ತಾಗಬಾರದು ಅಂತ ಮಣಿಕಟ್ಟಿನಿಂದ ಕೂದಲು ಎತ್ತಿ ಹಿಡಿದೆ. ಪೂರ್ತಿ ಒಣಗೋಕೆ ಮುಕ್ಕಾಲು ಗಂಟೆ ಬೇಕಾಯಿತು. ನಡುವೆ ಅವಳು ಎರಡು ಸಲ ತೂಕಡಿಸಿದಳು. ಎಚ್ಚರಾದಾಗ, "ದೊರೆಸಾನಿ ಯಾಕೆ ಹೊಟ್ಟೆ ಮೇಲೆ ಮಾಡ್ಕೊಂಡು ಮಲಗ್ತಿದ್ಲು ಅಂತ ಈಗ ಗೊತ್ತಾಯ್ತು" ಅಂದಳು.

"ನಾಳೆ ಎಂಟಕ್ಕೆ ಬರ್ತೀನಿ. ಅಲ್ಲೀವರೆಗೆ ಕಟ್ಟಬೇಡ. ದಿನಾ ಮಾಡ್ಬೇಕು ಇದನ್ನ. ಎರಡು ತಿಂಗಳು ಒಣಗಿದ್ರೆ ಚಿಗುರುತ್ತೆ ಅಂದಿದ್ದಾರೆ ಡಾಕ್ಟರಮ್ಮ."

"ಎರಡು ತಿಂಗಳು" ಅಂದಳು ಅಕ್ಕ. ಲೆಕ್ಕ ಅವಳಿಗೂ ಗೊತ್ತು. "ಹದಿನೆಂಟು ದಿನ ನೀನು ಮಾಡ್ತೀಯ. ಆಮೇಲೆ?"

"ನೀನೇ ಮಾಡ್ಕೋಬೇಕು. ಹಿಡ್ಕೋ, ತೋರಿಸ್ತೀನಿ."

ಮೆಷಿನ್ನು ಅವಳ ಕೈಗೆ ಕೊಟ್ಟೆ. ಎತ್ತಿದಳು. ಹನ್ನೊಂದು ವರ್ಷ ಮೀನಿನ ಪೆಟ್ಟಿಗೆ ಎತ್ತಿದ ಭುಜ ಅರ್ಧಕ್ಕೇ ನಿಂತಿತು. ಹಲ್ಲು ಕಚ್ಚಿ ಇನ್ನೊಂದು ಸಲ ಎತ್ತಿದಳು. ಗಾಳಿ ಕಿವಿಯ ಹತ್ತಿರಕ್ಕೆ ಬಂತು. ಅಲ್ಲಿಂದ ಹಿಂದಕ್ಕೆ ಹೋಗಲಿಲ್ಲ.

ಮೆಷಿನ್ನು ಅವಳ ಕಿವಿಗೇ ಊದುತ್ತಿತ್ತು. ಆಮೇಲೆ ಅವಳ ಕೈಯಿಂದ ಅದನ್ನ ತಗೊಂಡೆ.